ಘಾಟಿನ ಮನೆಯಲ್ಲೊಂದು ನೆಬ್ಯುಲೈಜರ್

ನಾನು ಒಂದು ನೆಬ್ಯುಲೈಜರ್. ಈ ಹೆಸರು ನಾಲಿಗೆಯಲ್ಲಿ ಸುಲಭವಾಗಿ ಹೊರಳುವುದಿಲ್ಲ. ಹಾಗಾಗಿ ನನ್ನನ್ನು ಇಟ್ಟುಕೊಂಡವರು ತಮತಮಗೆ ತೋಚಿದಂತೆ ಕರೆದರು. ಒಬ್ಬರಿಗೆ ಹೊಗೆ ಮಷಿನ್, ಇನ್ನೊಬ್ಬರಿಗೆ ಗುರ್‌ಗುರ್ ಡಬ್ಬಿ. ಬಿಳಿ ಪ್ಲಾಸ್ಟಿಕ್ಕಿನ ಮೈ, ಬೆನ್ನ ಮೇಲೊಂದು ಹಿಡಿಕೆ, ಹೊಟ್ಟೆಯೊಳಗೆ ಪುಟ್ಟ ಮೋಟರು. ಮೋಟರು ತಿರುಗಿದರೆ ಗಾಳಿ ರಭಸದಿಂದ ಹೊರಗೆ ಬರುತ್ತದೆ. ಆ ಗಾಳಿ ಸಣ್ಣ ನಳಿಕೆಯಲ್ಲಿ ಓಡಿ, ಬಟ್ಟಲಲ್ಲಿರುವ ಔಷಧದ ನೀರನ್ನು ನುಣ್ಣನೆಯ ಮಂಜು ಮಾಡುತ್ತದೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಆ ಮಂಜನ್ನು ಎಳೆದುಕೊಂಡರೆ ಬಿಗಿದ ಎದೆ ಸಡಿಲವಾಗುತ್ತದೆ. ನನ್ನ ಜನ್ಮದ ಕೆಲಸ ಇಷ್ಟೇ.

ನಾನು ಹುಟ್ಟಿದ್ದು ಪುಣೆಯ ಕಡೆಯ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕೂತ ಹೆಣ್ಣುಮಕ್ಕಳು ನನ್ನನ್ನು ತುಂಡುತುಂಡಾಗಿ ಜೋಡಿಸಿದರು. ಕೊನೆಯಲ್ಲಿ ಕೂತಿದ್ದವಳು ನನ್ನ ಸ್ವಿಚ್ ಒತ್ತಿ, ಗಾಳಿ ಬರುವ ತೂತಿನ ಮುಂದೆ ತನ್ನ ಅಂಗೈ ಹಿಡಿದಳು. ಗಾಳಿ ತಾಗಿದ್ದೇ ತಲೆಯಾಡಿಸಿ ನನ್ನನ್ನು ಡಬ್ಬಿಗೆ ತುಂಬಿದಳು. ಮನುಷ್ಯರ ಕೈಯ ಬಿಸಿ ನನಗೆ ಮೊದಲು ತಿಳಿದದ್ದು ಆಗ.

ಅಲ್ಲಿಂದ ಲಾರಿಯಲ್ಲಿ ಗದಗಿಗೆ ಬಂದೆ. ಬಸ್ ಸ್ಟ್ಯಾಂಡ್ ಎದುರಿನ ಔಷಧದ ಅಂಗಡಿಯಲ್ಲಿ, ಬಿಸಿನೀರಿನ ರಬ್ಬರ್ ಚೀಲಗಳ ಪಕ್ಕ ನನ್ನನ್ನು ಕೂರಿಸಿದರು. ಅಲ್ಲಿ ಬಹಳ ದಿನ ಕೂರಬೇಕಾಗಲಿಲ್ಲ. ಬಸ್ ಡ್ರೈವರ್ ಶಿವಯೋಗೆಪ್ಪ ಖಾಕಿ ಅಂಗಿಯಲ್ಲೇ ಬಂದು, ಡಾಕ್ಟರು ಹೇಳಿದ್ದಾರೆ ಎಂದು ನನ್ನನ್ನು ಕೊಂಡು ಹೋದರು. ಅವರ ಒಬ್ಬಳೇ ಮಗಳು ದಾಕ್ಷಾಯಣಿಗೆ ಅಸ್ತಮಾ.

ದಾಕ್ಷಾಯಣಿ ಆಗ ಕಾಲೇಜಿಗೆ ಹೋಗುವ ಹುಡುಗಿ. ಮಾತು ಬಹಳ, ನಗು ಅದಕ್ಕಿಂತ ಬಹಳ. ಆದರೆ ದಸರೆಗೆ ಮನೆಯ ಧೂಳು ಹೊಡೆಯುವಾಗ, ಚಳಿ ಬಿದ್ದಾಗ, ನೆಗಡಿಯಾದಾಗ ಅವಳ ಎದೆಯಿಂದ ಸುಂಯ್ ಎಂದು ಸಿಳ್ಳೆಯಂಥ ಸದ್ದು ಬರುತ್ತಿತ್ತು. ಆಗ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಮಂಚದ ಅಂಚು ಹಿಡಿದು, ಹೆಗಲು ಮೇಲೆತ್ತಿ, ಒಂದೊಂದು ಉಸಿರನ್ನೂ ಎಳೆದು ತರುತ್ತಿದ್ದಳು. ನಾನು ಗುರ್ರೆಂದು ಮಂಜು ಬಿಟ್ಟ ಸ್ವಲ್ಪ ಹೊತ್ತಿಗೆ ಅವಳ ಹೆಗಲು ಕೆಳಗಿಳಿಯುತ್ತಿದ್ದವು. ಮಾಸ್ಕ್ ತೆಗೆದ ಕೂಡಲೇ ನಿಂತಿದ್ದ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದಳು. ಆಗೆಲ್ಲ ನನಗೆ ನನ್ನ ಮೇಲೆಯೇ ಹೆಮ್ಮೆ. ಅವಳ ಕಾಯಿಲೆಯನ್ನು ನಾನೇ ವಾಸಿ ಮಾಡುತ್ತಿದ್ದೇನೆ ಎಂದು ತಿಳಿದಿದ್ದೆ. ಅದು ಹಾಗಲ್ಲ ಎಂದು ಗೊತ್ತಾಗಿದ್ದು ಮುಂದೆ.

ಡಾಕ್ಟರು ನನ್ನ ಜೊತೆ ದಿನವೂ ಬಾಯಿಂದ ಎಳೆದುಕೊಳ್ಳುವ ಒಂದು ಪಂಪನ್ನೂ, ಅಂದರೆ ಇನ್ಹೇಲರನ್ನೂ, ಬರೆದುಕೊಟ್ಟಿದ್ದರು. ದಾಕ್ಷಾಯಣಿಯ ತಾಯಿ ಗೌರವ್ವ ಅದನ್ನು ತರಲು ಬಿಡಲಿಲ್ಲ.

“ಪಂಪ್ ಹಿಡದ್ರ ಸಾಯೂತನಾ ಬಿಡೂದಿಲ್ಲಂತ. ನಾಳೆ ಇಕಿನ್ನ ನೋಡಾಕ ಬಂದವರು ಬ್ಯಾಗ್ನಾಗ ಪಂಪ್ ನೋಡಿದ್ರ ಹಂಗ ಎದ್ದು ಹೋಗ್ತಾರ. ಮಷಿನ್ ಆದ್ರ ಮನ್ಯಾಗ ಇರತೈತಿ, ಯಾರಿಗೂ ಕಾಣೂದಿಲ್ಲ,” ಎಂದರು.

ಗೌರವ್ವ ಕೆಟ್ಟವರಲ್ಲ. ಮಗಳ ಎದೆ ಸಿಳ್ಳೆ ಹೊಡೆದಾಗ ಅವರ ಮುಖ ಬಿಳಿಚುವುದನ್ನು ನಾನು ಕಂಡಿದ್ದೇನೆ. ಅವರಿಗೆ ‘ಅಸ್ತಮಾ’ ಎಂಬ ಮಾತು ಕಂಡರೆ ಭಯ. ಆ ಪದವನ್ನು ಅವರು ಆಡುತ್ತಲೇ ಇರಲಿಲ್ಲ. ಯಾರಾದರೂ ಕೇಳಿದರೆ “ಸ್ವಲ್ಪ ಕಫ” ಎನ್ನುತ್ತಿದ್ದರು.

ದಾಕ್ಷಾಯಣಿಯ ಓದು ಮುಗಿದ ವರ್ಷ ಮದುವೆ ಗೊತ್ತಾಯಿತು. ಹುಡುಗ ವೀರೇಶ, ಬ್ಯಾಡಗಿಯವನು. ಮೆಲು ಮಾತಿನವನು, ಕಣ್ಣಲ್ಲಿ ನಗುವವನು. ಹೆಣ್ಣು ನೋಡಲು ಬಂದ ದಿನವೇ ಇಬ್ಬರೂ ಒಬ್ಬರಿಗೊಬ್ಬರು ಹಿಡಿಸಿದರು. ಒಳ್ಳೆಯ ಮನೆತನ, ತಂದೆ ಚನ್ನವೀರಪ್ಪನವರದು ಊರಲ್ಲಿ ದೊಡ್ಡ ಹೆಸರು. ಎಲ್ಲವೂ ಸರಿಯಿತ್ತು, ಒಂದರ ಹೊರತು. ಅವರ ಮನೆಯ ಕಸುಬು ಮೆಣಸಿನಕಾಯಿ ವ್ಯಾಪಾರ.

ಮದುವೆಯ ಹಿಂದಿನ ದಿನ ಗೌರವ್ವ ನನ್ನನ್ನು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟರು. ಮೇಲೆ ಮಡಿಚಿದ ಸೀರೆಗಳನ್ನು ಪೇರಿಸಿದರು.

“ಯಾರಿಗೂ ತೋರಸಬ್ಯಾಡ. ಕೇಳಿದ್ರ ಹೇಳಬ್ಯಾಡ. ಎರಡು ಮಕ್ಕಳಾಗ್ಲಿ, ಆಮ್ಯಾಲ ತಾನ ಎಲ್ಲಾ ಗೊತ್ತಾಗತೈತಿ.”

“ಯವ್ವಾ, ಅವ್ರಿಗೊಂದು ಮಾತು ಹೇಳೂಣು. ನಂಗ ಹೆದರಿಕಿ ಬರ್ತೈತಿ,” ಎಂದಳು ದಾಕ್ಷಾಯಣಿ.

“ಹೇಳಿದ್ರ ನನಗ ಹೆದರಿಕಿ ಬರ್ತೈತಿ,” ಎಂದು ಗೌರವ್ವ ಟ್ರಂಕ್ ಮುಚ್ಚಿದರು. ಹೀಗೆ ನಾನು ಕತ್ತಲಲ್ಲಿ ಕೂತು ಗಂಡನ ಮನೆಗೆ ಹೋದೆ.

ಬ್ಯಾಡಗಿಯನ್ನು ನಾನು ಮೊದಲು ಅರಿತದ್ದು ವಾಸನೆಯಿಂದ. ಟ್ರಂಕಿನ ಸಂದಿಯಿಂದಲೂ ಬಂತು ಅದು. ಆ ಊರಿನ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೇಳುತ್ತಾರೆ. ಸುಗ್ಗಿಯಲ್ಲಿ ಮಾರುಕಟ್ಟೆಯ ಅಂಗಳ ಕೆಂಪು ಚಾಪೆ ಹಾಸಿದಂತೆ ಕಾಣುತ್ತದಂತೆ. ಚೀಲಗಳ ಮೇಲೆ ಚೀಲ, ಗಾಡಿಗಳ ಹಿಂದೆ ಗಾಡಿ. ಊರಿನವರಿಗೆ ಆ ಘಾಟು ಅಭ್ಯಾಸ. ಹೊರಗಿನಿಂದ ಬಂದವರು ಬಸ್ಸಿಳಿದ ಕೂಡಲೇ ಸೀನುತ್ತಾರೆ.

ಮನೆಯಲ್ಲಿ ನಾಲ್ಕೇ ಜನ. ಮಾವ ಚನ್ನವೀರಪ್ಪ ಎತ್ತರದ ಆಳು, ದೊಡ್ಡ ಕೆಮ್ಮು. ಅವರು ಬರುವುದು ಮೊದಲು ಕೆಮ್ಮಿನಿಂದಲೇ ಗೊತ್ತಾಗುತ್ತಿತ್ತು. ಅತ್ತೆ ನೀಲವ್ವ ಗಟ್ಟಿ ಹೆಂಗಸು. ನಡೆದರೆ ನೆಲ ಸದ್ದು ಮಾಡುತ್ತಿತ್ತು, ಮಾತಾಡಿದರೆ ಪಕ್ಕದ ಮನೆಗೂ ಕೇಳುತ್ತಿತ್ತು. ಮಗ, ಸೊಸೆ, ಅಷ್ಟೇ.

ದಾಕ್ಷಾಯಣಿ ನನ್ನನ್ನು ಟ್ರಂಕಿನಿಂದ ತೆಗೆದು ಅಡಿಗೆ ಮನೆಯ ಪಕ್ಕದ ಸಾಮಾನಿನ ಕೋಣೆಯಲ್ಲಿ, ಜೋಳದ ಡಬ್ಬದ ಹಿಂದೆ ಬಚ್ಚಿಟ್ಟಳು. ಅಲ್ಲೊಂದು ಪ್ಲಗ್ ಇತ್ತು. ತೊಂದರೆ ನನ್ನ ಬಾಯಿ. ನನಗೆ ಮೆಲ್ಲಗೆ ಕೆಲಸ ಮಾಡಲು ಬರುವುದಿಲ್ಲ. ನಾನು ಶುರುವಾದರೆ ಇಡೀ ಮನೆಗೆ ಕೇಳುತ್ತದೆ. ಮೊದಲ ಸಲ ಎದೆ ಬಿಗಿದಾಗ ಅವಳು ನನ್ನ ಸ್ವಿಚ್ಚಿನ ಮೇಲೆ ಬೆರಳಿಟ್ಟು ಒತ್ತಲಾರದೆ ಕೂತಳು. ಆಮೇಲೆ ಎದ್ದು ಹೋಗಿ ಅಡಿಗೆ ಮನೆಯ ದೊಡ್ಡ ಗ್ರೈಂಡರ್‌ಗೆ ನೆನೆಹಾಕಿದ ಅಕ್ಕಿ ಸುರಿದು ಚಾಲೂ ಮಾಡಿದಳು. ಗ್ರೈಂಡರ್‌ನ ಗಡಗಡದಲ್ಲಿ ನನ್ನ ಗುರ್ರು ಮುಳುಗಿಹೋಯಿತು. ಅವಳು ಕೋಣೆಯ ನೆಲದ ಮೇಲೆ ಕೂತು, ಬಾಗಿಲು ಮುಂದೆ ಮಾಡಿ, ಮಂಜು ಎಳೆದುಕೊಂಡಳು.

ಅಂದಿನಿಂದ ಎದೆ ಬಿಗಿದಾಗಲೆಲ್ಲ ಆ ಮನೆಯಲ್ಲಿ ದೋಸೆ ಹಿಟ್ಟು ತಯಾರಾಗುತ್ತಿತ್ತು. ರೊಟ್ಟಿ ತಿನ್ನುವ ಮನೆಯಲ್ಲಿ ಬೆಳಗ್ಗೆ ದೋಸೆ, ಸಂಜೆ ದೋಸೆ. ಉಳಿದ ಹಿಟ್ಟು ಅಕ್ಕಪಕ್ಕದ ಮನೆಗೆ.

“ನಿಮ್ಮ ಗದಗಿನ ಮಂದಿ ರೊಟ್ಟಿ ತಿನ್ನೂದಿಲ್ಲೇನವಾ?” ಎಂದು ಚನ್ನವೀರಪ್ಪ ಒಂದು ದಿನ ಕೇಳಿದರು. “ರೊಟ್ಟಿ ಮಾರೀನ ಮರತ ಹೋಗೈತಿ ನನಗ.”

ನೀಲವ್ವ, “ಹುಡುಗಿ ಪ್ರೀತೀಲೆ ಮಾಡಾಕತ್ತಾಳ, ಸುಮ್ನ ತಿನ್ರಿ,” ಎಂದು ಗದರಿದರು. ದಾಕ್ಷಾಯಣಿ ತಲೆ ತಗ್ಗಿಸಿ ನಕ್ಕಳು. ಕೋಣೆಗೆ ಬಂದು ನನ್ನ ನಳಿಕೆ ಒರೆಸುವಾಗ ಅತ್ತಳು.

ನನ್ನೊಳಗಿನ ಔಷಧ ಹೆಚ್ಚು ಹೆಚ್ಚು ಬೇಕಾಗತೊಡಗಿತ್ತು. ಮೊದಮೊದಲು ಅಪರೂಪಕ್ಕೊಮ್ಮೆ ಕರೆಯುತ್ತಿದ್ದವಳು ಚಳಿ ಬರುವ ಹೊತ್ತಿಗೆ ದಿನವೂ ಕರೆದಳು. ಮಂಜು ಎಳೆದುಕೊಂಡರೆ ಎದೆ ತೆರೆಯುತ್ತಿತ್ತು, ಕೆಲ ಗಂಟೆಗಳಲ್ಲಿ ಮತ್ತೆ ಮುಚ್ಚುತ್ತಿತ್ತು. ನನಗೆ ಕಳವಳವಾಯಿತು. ನಾನು ಅದೇ ಗಾಳಿ ಕೊಡುತ್ತಿದ್ದೆ, ಅದೇ ಮಂಜು ಬಿಡುತ್ತಿದ್ದೆ. ಯಾಕೆ ಸಾಲುತ್ತಿಲ್ಲ ಎಂದು ನನಗೆ ತಿಳಿಯಲಿಲ್ಲ.

ಬೇಸಿಗೆಗೆ ಮುಂಚೆ ನೀಲವ್ವ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡುವ ದಿನ ಬಂತು. ಹಿತ್ತಿಲಿನ ಒಲೆಯ ಮೇಲೆ ದೊಡ್ಡ ಬಾಣಲೆ. ಅದರಲ್ಲಿ ಎಣ್ಣೆ ಬಿಟ್ಟು ಮೆಣಸಿನಕಾಯಿ ಹುರಿಯುತ್ತಿದ್ದರು. ಗಾಳಿ ಮನೆಯೊಳಗೇ ಬೀಸುತ್ತಿತ್ತು. ದಾಕ್ಷಾಯಣಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಅತ್ತೆಯ ಪಕ್ಕ ನಿಂತು ಕೊತ್ತಂಬರಿ ಬೀಜ ಆರಿಸಿ ಕೊಡುತ್ತಿದ್ದಳಂತೆ. ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು ಕೋಣೆಗೆ ಬಂದಳು. ಗ್ರೈಂಡರ್ ಹಾಕಲು ಸಹ ಅವಳಲ್ಲಿ ತ್ರಾಣವಿರಲಿಲ್ಲ. ನನ್ನನ್ನು ಎಳೆದುಕೊಂಡು, ಔಷಧ ಸುರಿದು, ಮಾಸ್ಕ್ ಕಟ್ಟಿಕೊಂಡು ಸ್ವಿಚ್ ಒತ್ತಿದಳು.

ನಾನು ಮಾತಾಡಲಿಲ್ಲ. ಕರೆಂಟು ಹೋಗಿತ್ತು.

ಅವಳು ಮತ್ತೆ ಒತ್ತಿದಳು. ಮತ್ತೆ. ನನ್ನ ಮೈ ತಟ್ಟಿದಳು. ಅವಳ ತುಟಿಯ ಬಣ್ಣ ಬದಲಾಗುವುದು ನನಗೆ ಕೆಳಗಿನಿಂದ ಕಾಣುತ್ತಿತ್ತು. ಎದೆಯ ಸಿಳ್ಳೆ ಸಣ್ಣದಾಯಿತು, ಆಮೇಲೆ ಇಲ್ಲವಾಯಿತು. ಸಿಳ್ಳೆ ನಿಂತರೆ ಒಳ್ಳೆಯದೆಂದು ತಿಳಿಯಬಾರದು. ಒಳಗೆ ಗಾಳಿಯೇ ಓಡಾಡದಿದ್ದರೆ ಸದ್ದು ಎಲ್ಲಿಂದ ಬರಬೇಕು? ಅವಳ ಕೈ ನನ್ನ ಮೇಲಿಂದ ಜಾರಿತು. ಜೋಳದ ಡಬ್ಬ ಉರುಳಿ ಬಿತ್ತು.

ಆ ಸದ್ದಿಗೆ ನೀಲವ್ವ ಓಡಿ ಬಂದರು. ಬಾಗಿಲಲ್ಲಿ ಒಂದೇ ಕ್ಷಣ ನಿಂತರು. ನೆಲದ ಮೇಲೆ ಮಾಸ್ಕ್ ಕಟ್ಟಿಕೊಂಡು ಬಿದ್ದ ಸೊಸೆ, ಪಕ್ಕದಲ್ಲಿ ಎಂದೂ ಕಾಣದ ಬಿಳಿ ಡಬ್ಬಿ. ಏನೆಂದು ಕೇಳಲಿಲ್ಲ. ಬಾಗಿ ಅವಳನ್ನು ಎದೆಗೆ ಆನಿಸಿಕೊಂಡು ಎತ್ತಿ ಕೂರಿಸಿದರು. “ವೀರೇಶಾ!” ಎಂದು ಕೂಗಿದ ಕೂಗಿಗೆ ಬೀದಿಯ ಜನವೆಲ್ಲ ಹೊರಗೆ ಬಂದಿರಬೇಕು. ಓಣಿಯ ತುದಿಯ ಅಂಗಡಿಯಿಂದ ವೀರೇಶ ಓಡಿ ಬಂದ. ಮೆಣಸಿನಕಾಯಿ ಸಾಗಿಸುವ ಗಾಡಿಯಲ್ಲಿ ಹಾಕುವುದು ಬೇಡ, ಮತ್ತೆ ಘಾಟು ಎಂದು ನೀಲವ್ವನೇ ಎದುರು ಮನೆಯವರ ಕಾರು ತರಿಸಿದರು. ಏನು ತಿಳಿದು ಮಾಡಿದರೋ, ನನ್ನನ್ನೂ ಕಂಕುಳಲ್ಲಿ ಅವುಚಿಕೊಂಡು ಹತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ರೇವತಿ ಮುನವಳ್ಳಿ ಇದ್ದರು. ದಾಕ್ಷಾಯಣಿಗೆ ಆಕ್ಸಿಜನ್ ಹಚ್ಚಿದರು, ಸೂಜಿ ಹಾಕಿದರು, ಅಲ್ಲಿಯ ನನ್ನಂಥದೇ ಯಂತ್ರದಿಂದ ಮಂಜು ಕೊಟ್ಟರು, ಒಂದು ಮುಗಿದ ಮೇಲೆ ಇನ್ನೊಂದು. ನಾನು ಬೆಂಚಿನ ಮೇಲೆ ನೀಲವ್ವನ ತೊಡೆಗೆ ಆತುಕೊಂಡು ಕೂತಿದ್ದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ದಾಕ್ಷಾಯಣಿಯ ದನಿ ಕೇಳಿತು: “ನೀರು.” ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಸಂಜೆಗೆ ಅವಳು ದಿಂಬಿಗೆ ಒರಗಿ ಕೂತಾಗ ಡಾಕ್ಟರು ಎಲ್ಲರನ್ನೂ ಕರೆದು ವಿಚಾರಿಸಿದರು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ದಾಕ್ಷಾಯಣಿ ಎಲ್ಲವನ್ನೂ ಹೇಳಿದಳು. ವೀರೇಶ ಹಣೆ ಹಿಡಿದುಕೊಂಡ.

“ನಾ ಒಂದ್ಸಲ ಕಿಟಕ್ಯಾಗಿಂದ ನೋಡಿದ್ದೆ,” ಎಂದ. “ಮುಖಕ್ಕ ಅದನ್ನ ಹಚ್ಚಿಕೊಂಡು ಕುಂತಿದ್ಲು. ಬೆಳ್ಳಗಾಗಾಕ ಉಗಿ ತಗೊಳ್ಳಾಕತ್ತಾಳ ಅನ್ಕೊಂಡೆ. ನಾಚತಾಳಂತ ಸುಮ್ನಾದೆ.”

ಅಷ್ಟು ಹೊತ್ತಿನ ಹೆದರಿಕೆಯ ಮೇಲೆ ದಾಕ್ಷಾಯಣಿಗೆ ನಗು ಬಂತು. ನಕ್ಕರೆ ಕೆಮ್ಮು ಬಂತು. ಡಾಕ್ಟರೂ ನಕ್ಕುಬಿಟ್ಟರು. ಆಮೇಲೆ ನನ್ನನ್ನು ಕೈಗೆತ್ತಿಕೊಂಡು ಹೇಳಿದರು:

“ಮಳೆಗಾಲದಾಗ ಕಟಗಿ ಬಾಗಲಾ ಉಬ್ಬತೈತಿ ನೋಡ್ರಿ, ಅಸ್ತಮಾ ಅಂದ್ರ ಹಂಗ. ಉಸಿರಿನ ನಳಿಗಿ ಒಳಗಿನ ಪದರ ಉಬ್ಬಿರತೈತಿ. ಮ್ಯಾಲ ಘಾಟು, ಧೂಳು, ಚಳಿ ತಾಗಿದ್ರ ಸುತ್ತಲಿನ ಸ್ನಾಯು ಹಿಂಡಿಕೊಂಡ್ಬಿಡತಾವ. ಈ ಮಷಿನ್ನಾಗ ಹಾಕೂ ಔಷಧ ಆ ಹಿಂಡಿಕೊಂಡಿದ್ದನ್ನ ಸಡ್ಲ ಮಾಡತೈತಿ. ಬಾಗಲಾ ದಬ್ಬಿ ತಗದಂಗ. ಆದ್ರ ಉಬ್ಬು ಹಂಗ ಉಳೀತು. ಮತ್ತ ಮುಚ್ಚತೈತಿ. ಉಬ್ಬು ಇಳಸೂ ಔಷಧ ಬ್ಯಾರೆ. ಅದು ದಿನಾ ಎಳಕೊಳ್ಳೂ ಪಂಪ್. ಆರಾಮ ಇದ್ದಾಗೂ ಬಿಡಬಾರ್ದು. ನಿಮ್ಮ ಮನ್ಯಾಗ ದಬ್ಬೂದೊಂದ ನಡದಿತ್ತು.”

ನಾನು ಆ ಮಾತನ್ನು ಗಮನವಿಟ್ಟು ಕೇಳಿದೆ. ನಾನು ಬಾಗಿಲು ದಬ್ಬುವವನು ಮಾತ್ರ. ಬೇಸರವಾಗಲಿಲ್ಲ. ನನಗೆ ಅರ್ಥವಾಗದೆ ಇದ್ದ ಆ ಕಳವಳಕ್ಕೆ ಉತ್ತರ ಸಿಕ್ಕಿತು, ಎದೆ ಹಗುರವಾಯಿತು.

“ಅದರಾಗ ಸ್ಟಿರಾಯ್ಡ್ ಇರತೈತಂತಲ್ರಿ?” ಎಂದ ವೀರೇಶ.

“ಇರತೈತಿ. ಎಳ್ಳಷ್ಟು. ಗುಳಗಿ ನುಂಗಿದ್ರ ಇಡೀ ಮೈಯೆಲ್ಲಾ ಸುತ್ತಬೇಕು. ಇದು ಎಲ್ಲಿ ಬೇಕೋ ಅಲ್ಲಿಗೇ ಹೋಗತೈತಿ. ತಗೊಂಡ ಮ್ಯಾಲ ಬಾಯಿ ಮುಕ್ಕಳಿಸಿ ಉಗಳಬೇಕು, ಅಷ್ಟ. ಇದು ಚಟ ಅಲ್ರಿ. ಕಣ್ಣಿಗೆ ಚಸ್ಮಾ ಹಾಕಿದಂಗ.”

ಸುದ್ದಿ ತಿಳಿದು ಮರುದಿನ ಬೆಳಗ್ಗೆ ಗೌರವ್ವ, ಶಿವಯೋಗೆಪ್ಪ ಬಂದರು. ಆಸ್ಪತ್ರೆಯ ಜಗಲಿಯಲ್ಲಿ ಇಬ್ಬರು ಬೀಗಿತ್ತಿಯರು ಎದುರುಬದುರಾದರು. ನಾನು ನಡುವೆ, ಬೆಂಚಿನ ಮೇಲೆ.

“ನಮಗೊಂದು ಮಾತು ಹೇಳಲಿಲ್ಲ ನೀವು,” ಎಂದರು ನೀಲವ್ವ. ಅವರ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. “ಗೊತ್ತಿದ್ರ ನಾ ಆಕಿ ಮುಂದ ಮೆಣಸಿನಕಾಯಿ ಹುರೀತಿದ್ನೇನ್ರಿ? ನನ್ನ ಕೈಲೆ ನಿಮ್ಮ ಮಗಳನ್ನ ಕೊಲ್ಲಸ್ತಿದ್ರಿ.”

ಗೌರವ್ವ ಅತ್ತರು. ಅಳುತ್ತಲೇ ಕೇಳಿದರು, “ಹೇಳಿದ್ರ ನೀವು ಹೂಂ ಅಂತಿದ್ರೇನ್ರಿ?”

ನೀಲವ್ವ ಅಂಗಳದ ಕಡೆ ನೋಡಿದರು. ಆಮೇಲೆ ಬೀಗಿತ್ತಿಯ ಪಕ್ಕ ಬಂದು ಕೂತರು.

“ಇಲ್ರಿ. ಅಂತಿದ್ದಿಲ್ಲ. ಅದೂ ಖರೇನ.”

ಆ ಮಾತಿನ ಮೇಲೆ ಇಬ್ಬರೂ ದೋಷ ಯಾರದೆಂದು ಹಂಚಲು ಹೋಗಲಿಲ್ಲ. ಏಳುವಾಗ ನೀಲವ್ವ ಹೇಳಿದ್ದು ಇಷ್ಟೇ: “ಈಗ ಅನ್ನಾಕತ್ತೇನಿ. ಹೂಂ. ಹುಡುಗಿ ನಮ್ಮ ಮನೀದು. ನೀವು ಅಳೂದು ನಿಲ್ಲಸ್ರಿ.”

ಇಷ್ಟೂ ಹೊತ್ತು ಚನ್ನವೀರಪ್ಪ ಜಗಲಿಯ ಕಂಬಕ್ಕೆ ಒರಗಿ ಕೆಮ್ಮುತ್ತಿದ್ದರು. ಡಾಕ್ಟರ್ ರೇವತಿ ಹೊರಬಂದು ಅವರನ್ನೇ ನೋಡಿದರು.

“ಯಜಮಾನ್ರ, ಈ ಕೆಮ್ಮು ಎಷ್ಟು ವರ್ಷದ್ದು?”

“ಇದು ಕೆಮ್ಮಲ್ರಿ, ಕಸುಬು. ಮೆಣಸಿನಕಾಯಿ ಮಾರೋ ಮಂದಿ ಎಲ್ಲಾ ಕೆಮ್ಮತಾರ.”

“ಬೀಡಿ?”

ಅವರು ಆಕಾಶ ನೋಡಿದರು. ನೀಲವ್ವ ಅವರ ಪರವಾಗಿ ಉತ್ತರಿಸಿದರು, ಉದ್ದವಾಗಿ.

ಡಾಕ್ಟರು ಅವರನ್ನು ಒಳಗೆ ಕರೆದು ಒಂದು ಯಂತ್ರದಲ್ಲಿ ಜೋರಾಗಿ ಊದಿಸಿದರು. ಆ ಎತ್ತರದ ಆಳಿನ ಉಸಿರು ನಡುದಾರಿಯಲ್ಲೇ ಸೋತಿತು. ಹೊರಗೆ ಬಂದಾಗ ಮುಖ ಇಳಿದಿತ್ತು. ಡಾಕ್ಟರು ಮರೆಮಾಚದೆ ಹೇಳಿದ್ದರು: “ನಿಮ್ಮ ಸೊಸಿದು ಉಬ್ಬಿದ ಬಾಗಲಾ, ಇಳಸಬೌದು. ನಿಮ್ಮದು ಸವದ ಚೌಕಟ್ಟು. ಸವದದ್ದು ತಿರುಗಿ ಬರೂದಿಲ್ಲ. ಬೀಡಿ ಬಿಟ್ರ ಉಳಿದದ್ದು ಉಳೀತೈತಿ. ನಳಿಗಿ ದಿನವಿಡೀ ತೆರೆದಿರೂ ಹಂಗ ಬ್ಯಾರೆ ಪಂಪ್ ಕೊಡತೇನಿ. ಮೆಟ್ಟಲಾ ಹತ್ತಾಕ, ನಾಕು ಮಂದಿ ಜೋಡಿ ನಡ್ಯಾಕ ಉಸಿರು ಸಿಗತೈತಿ.”

ಮನೆಗೆ ಬಂದ ಮೇಲೆ ಅವರು ಪಂಪನ್ನು ಮುಟ್ಟಲಿಲ್ಲ. “ಅದು ಹಿಡದ್ರ ಬಿಡೂದಿಲ್ಲಂತ. ಈ ವಯಸ್ಸಿನಾಗ ನನಗ್ಯಾಕ ಚಟಾ?” ಎಂದರು.

ದಾಕ್ಷಾಯಣಿ ಮೆಲ್ಲಗೆ, “ಮಾವಾರ, ಮತ್ತ ಬೀಡಿ?” ಎಂದಳು.

ಆ ಮನೆಯ ಹೊಸ ಸೊಸೆ ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಚನ್ನವೀರಪ್ಪ ಅವಳನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ಹೊಟ್ಟೆ ಹಿಡಿದು ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಕೈ ಚಾಚಿದರು. “ತಾ ಇತ್ಲಾಗ. ಹೆಂಗ ಹೊಡಕೊಳ್ಳೂದು ಇದನ್ನ?”

ಮೊದಲ ದಿನ ಅವರು ಬಾಯಿ ತೆರೆದು ಸೆಂಟು ಹೊಡೆದುಕೊಂಡಂತೆ ಹೊಡೆದುಕೊಂಡರು. ಔಷಧವೆಲ್ಲ ನಾಲಿಗೆಯ ಮೇಲೆ. ದಾಕ್ಷಾಯಣಿ ಕಲಿಸಿದಳು. ಮೊದಲು ಉಸಿರನ್ನೆಲ್ಲ ಹೊರಗೆ ಬಿಡಬೇಕು. ಪಂಪನ್ನು ಒಂದು ಪಾರದರ್ಶಕ ಕೊಳವೆಗೆ ಸಿಕ್ಕಿಸಿ ಒತ್ತಬೇಕು. ಆಮೇಲೆ ಬಿಸಿ ಚಹಾದ ಪರಿಮಳ ಎಳೆದಂತೆ ನಿಧಾನವಾಗಿ ಎಳೆದು, ಒಳಗೇ ಹಿಡಿದು, ಬಿಡಬೇಕು. ಆ ಕೊಳವೆಯನ್ನು ಕಂಡು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಸದ್ದಿಲ್ಲ, ಕರೆಂಟ್ ಬೇಡ, ಚೀಲದಲ್ಲಿ ಹಿಡಿಸುತ್ತದೆ. ಆದರೆ ದಿನ ಬೆಳಗಾದರೆ ಕಾಣುವ ನೋಟ ಆ ಕಿಚ್ಚನ್ನು ಆರಿಸಿತು. ಮಾವ, ಸೊಸೆ ಹಿತ್ತಿಲಿನಲ್ಲಿ ನಿಂತು ತಮ್ಮ ತಮ್ಮ ಪಂಪ್ ಎಳೆದುಕೊಂಡು, ಒಟ್ಟಿಗೇ ಗಳಗಳ ಬಾಯಿ ಮುಕ್ಕಳಿಸಿ ಕರಿಬೇವಿನ ಗಿಡದ ಬುಡಕ್ಕೆ ಉಗುಳುತ್ತಿದ್ದರು. ನೀಲವ್ವ ಬಾಗಿಲಲ್ಲಿ ನಿಂತು, “ಇನ್ನೊಮ್ಮೆ ಮುಕ್ಕಳಸ್ರಿ, ಅಷ್ಟಕ್ಕ ಓಡಬ್ಯಾಡ್ರಿ,” ಎಂದು ಇಬ್ಬರಿಗೂ ಹುಕುಂ ಮಾಡುತ್ತಿದ್ದರು.

ನನ್ನನ್ನು ಜೋಳದ ಡಬ್ಬದ ಹಿಂದಿನಿಂದ ತಂದು ಪಡಸಾಲೆಯ ಕಪಾಟಿನಲ್ಲಿ, ಬಂದವರಿಗೆಲ್ಲ ಕಾಣುವಂತೆ ಇಟ್ಟರು. ತೀರಾ ಬೇಕಾದಾಗ ಮಾತ್ರ ನನ್ನ ಕೆಲಸ. ವೀರೇಶ ಮನೆಯಲ್ಲಿದ್ದ ಮೆಣಸಿನಕಾಯಿ ಚೀಲಗಳನ್ನೆಲ್ಲ ಊರ ಹೊರಗಿನ ಕೋಲ್ಡ್ ಸ್ಟೋರೇಜಿಗೆ ಸಾಗಿಸಿದ. ಅಂಗಡಿಯಿಂದ ಬಂದವನು ಹಿತ್ತಿಲಲ್ಲೇ ಬಟ್ಟೆ ಬದಲಿಸಿ, ಕೈಕಾಲು ತೊಳೆದು ಒಳಗೆ ಬರುತ್ತಿದ್ದ. ಖಾರ ಹುರಿಯುವ ಕೆಲಸ ನೀಲವ್ವನ ತಂಗಿಯ ಮನೆಗೆ ಹೋಯಿತು. ನನ್ನ ಮೇಲೆ ಧೂಳು ಕೂರತೊಡಗಿತು. ಮೊದಲು ಅದು ಅವಮಾನವೆನಿಸಿತು. ಆಮೇಲೆ ದಾಕ್ಷಾಯಣಿ ಅಂಗಳದಲ್ಲಿ ಓಡಾಡುತ್ತ ಒಂದೇ ಉಸಿರಿಗೆ ಮಾತಾಡುವುದು ಕೇಳುತ್ತ ಕೇಳುತ್ತ, ಈ ಧೂಳಿನಷ್ಟು ಒಳ್ಳೆಯ ಸುದ್ದಿ ಇನ್ನೊಂದಿಲ್ಲ ಎಂದು ತಿಳಿಯಿತು.

ಮರುವರ್ಷ ದಾಕ್ಷಾಯಣಿ ಬಸುರಿಯಾದಳು. ಏಳನೇ ತಿಂಗಳಲ್ಲಿ ಗೌರವ್ವ ಅವಳನ್ನು ಗದಗಿಗೆ ಕರೆದೊಯ್ದರು. ನಾನೂ ಹೋದೆ, ಈ ಸಲ ಸೀರೆ ಸುತ್ತಿಕೊಳ್ಳದೆ. ಅಲ್ಲಿ ಓಣಿಯ ಹೆಂಗಸೊಬ್ಬಳು ಹೆದರಿಸಿದಳು: “ಪಂಪ್ ತಗೊಂಡ್ರ ಹೊಟ್ಟ್ಯಾಗಿನ ಕೂಸಿಗೆ ತ್ರಾಸ.” ದಾಕ್ಷಾಯಣಿಯೇ ಹೆದರಿ ಪಂಪ್ ಬಿಟ್ಟಳು. ವಾರ ಕಳೆಯುವುದರಲ್ಲಿ ಹಳೆಯ ಸಿಳ್ಳೆ ಮರಳಿತು. ನಾನು ಮತ್ತೆ ಗುರ್ರೆಂದೆ. ಬಾಗಿಲು ತೆರೆಯಿತು, ಆದರೆ ನನಗೆ ಈಗ ಗೊತ್ತಿತ್ತು, ಇದು ಸಾಲದು.

ಗೌರವ್ವ ತಾವೇ ಬ್ಯಾಡಗಿಯ ಡಾಕ್ಟರಿಗೆ ಫೋನ್ ಹಚ್ಚಿದರು. ಆ ಕಡೆಯ ಮಾತು ನನಗೂ ಕೇಳುವಷ್ಟು ಜೋರಾಗಿತ್ತು.

“ಯಾರು ಬಿಡಸಿದವರು? ತಾಯಿಗೇ ಉಸಿರು ಸಾಲದಿದ್ರ ಕೂಸಿಗೆ ಎಲ್ಲಿಂದ ಬರಬೇಕ್ರಿ? ಈ ಔಷಧ ಬಸುರಾಗಿದ್ದಾಗೂ ನಡೀತೈತಿ. ಬಿಟ್ರನ ಅಪಾಯ. ಈಗಿಂದೀಗ ಶುರು ಮಾಡಸ್ರಿ, ನಾಳೆ ಅಲ್ಲೇ ನಿಮ್ಮ ಡಾಕ್ಟರಿಗೂ ತೋರಸ್ರಿ.”

ಗೌರವ್ವ ಫೋನ್ ಇಟ್ಟು, ಪಂಪ್ ತಂದು ತಮ್ಮ ಕೈಯಾರೆ ಮಗಳ ಬಾಯಿಗೆ ಹಿಡಿದರು. ಅದೇ ಪಂಪು, ಒಂದು ಕಾಲಕ್ಕೆ ಮನೆಗೆ ತರಲು ಬಿಡದಿದ್ದ ಪಂಪು.

ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿ ಅಳುವ ಮಗು. ಮೊದಲ ಅಳುವಿಗೆ ಎಷ್ಟೊಂದು ಗಾಳಿ ಬೇಕು!

ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಜನ. ಬ್ಯಾಡಗಿಯಿಂದ ಬೀಗರು, ಓಣಿಯ ಹೆಂಗಸರು, ಡಿಪೋದ ಡ್ರೈವರುಗಳ ಮನೆಯವರು. ನಾನು ಗೋಡೆಯ ಗೂಡಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ಹಾಡು ಶುರುವಾಗುವ ಮೊದಲು ಒಬ್ಬಾಕೆ ಕೆಂಡದ ಮೇಲೆ ಲೋಬಾನ ಉದುರಿಸಿ, ಹೊಗೆ ಏಳುವ ತಟ್ಟೆ ಹಿಡಿದು ತೊಟ್ಟಿಲ ಕಡೆ ಬಂದಳು. ದಾಕ್ಷಾಯಣಿ ಅಲ್ಲೇ ಕೂತಿದ್ದಳು. ಅವಳು ತಾಯಿಯ ಮುಖ ನೋಡಿದಳು. ಶುಭದ ಹೊಗೆಗೆ ಬೇಡ ಎನ್ನುವವರು ಯಾರು?

“ಅದನ್ನ ಹೊರಗ ಇಡ್ರಿ,” ಎಂದರು ಗೌರವ್ವ.

“ಯಾಕ ಗೌರಕ್ಕಾ? ಕೂಸಿಗೆ ಒಳ್ಳೇದಲಾ?”

ಗೌರವ್ವ ಸೆರಗು ಸರಿಮಾಡಿಕೊಂಡರು. ತುಂಬಿದ ಮನೆಯ ಎದುರು, ಎಲ್ಲರಿಗೂ ಕೇಳುವಂತೆ ಹೇಳಿದರು:

“ನನ್ನ ಮಗಳಿಗೆ ಅಸ್ತಮಾ ಐತಿ. ಹೊಗಿ ಆಗೂದಿಲ್ಲ.”

ಆ ಪದ ಅವರ ಬಾಯಿಂದ ಬಂದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಕೆಂಡದ ತಟ್ಟೆ ಹಿಡಿದಾಕೆ ಹೊರಗೆ ಹೋದಳು. ಹಿಂದೆ ಕೂತಿದ್ದ ಒಬ್ಬಳು ಸೊಂಟಕ್ಕೆ ಸಿಕ್ಕಿಸಿದ್ದ ಚೀಲದಿಂದ ಮೆಲ್ಲಗೆ ಒಂದು ನೀಲಿ ಪಂಪ್ ತೆಗೆದು, “ನನಗೂ ಐತ್ರಿ,” ಎಂದಳು. ನೀಲವ್ವ ತೊಟ್ಟಿಲ ಹಗ್ಗ ಹಿಡಿದು, “ಮತ್ತ್ಯಾಕ ತಡಾ, ಹಾಡ್ರಿ,” ಎಂದರು.

ವರ್ಷಗಳು ಕಳೆದವು. ನನಗೆ ವಯಸ್ಸಾಯಿತು. ಮೈ ಹಳದಿಯಾಯಿತು, ಹಿಡಿಕೆಯಲ್ಲಿ ಬಿರುಕು ಬಂತು. ಚನ್ನವೀರಪ್ಪನವರು ಬೀಡಿ ಬಿಟ್ಟರು. ಸುಲಭವಾಗಿ ಬಿಡಲಿಲ್ಲ, ಎರಡು ಸಲ ಸೋತು ಮೂರನೆಯ ಸಲ ಬಿಟ್ಟರು. ಅವರ ಉಸಿರು ಮೊದಲಿನಂತಾಗಲಿಲ್ಲ, ಆದರೆ ಮೊಮ್ಮಗಳ ಕೈ ಹಿಡಿದು ಮಾರುಕಟ್ಟೆಯ ತನಕ ನಡೆಯುವಷ್ಟು ಸಿಕ್ಕಿತು. ಅವರಿಗೆಂದು ಹೊಸ ಪುಟ್ಟ ಯಂತ್ರ ಬಂತು, ಅಂಗೈಯಲ್ಲಿ ಹಿಡಿಯುವಂಥದ್ದು, ಸದ್ದೇ ಇಲ್ಲದ್ದು.

ಆಗ ದಾಕ್ಷಾಯಣಿ ನನ್ನನ್ನು ಒರೆಸಿ, ಹೊಸ ಫಿಲ್ಟರ್ ಹಾಕಿಸಿ ಮಾರುಕಟ್ಟೆಯ ಅಂಗಳಕ್ಕೆ ತಂದಳು. ಅಲ್ಲಿ ಸುಗ್ಗಿಯ ದಿನಗಳಲ್ಲಿ ನೂರಾರು ಹೆಂಗಸರು ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ವ್ಯಾಪಾರಿಗಳಿಗೆ ಹೇಳಿ ಅಲ್ಲೊಂದು ಕೋಣೆ ಕೊಡಿಸಿದ್ದಳು. ಒಬ್ಬ ನರ್ಸಬಾಯಿ ಕೂರುತ್ತಿದ್ದರು, ವಾರಕ್ಕೊಮ್ಮೆ ಡಾಕ್ಟರ್ ರೇವತಿ ಬರುತ್ತಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ಮಾಸ್ಕ್, ಬಟ್ಟಲು. ನಾನು ಮಾತ್ರ ಎಲ್ಲರಿಗೂ ಒಬ್ಬನೇ.

ಅಲ್ಲಿ ನನಗೆ ಬಹಳ ಗೆಳತಿಯರಾದರು. ಹನುಮವ್ವ ಎಂಬಾಕೆ ಮೊದಲು ಬಂದಾಗ ಇಬ್ಬರು ಹಿಡಿದುಕೊಂಡು ತಂದಿದ್ದರು. ಕೂಲಿ ತಪ್ಪುತ್ತದೆ ಎಂದು ಎದೆಯ ಬಿಗಿತವನ್ನು ಯಾರಿಗೂ ಹೇಳದೆ ದುಡಿಯುತ್ತಿದ್ದವಳು. ನನ್ನ ಮಂಜು ಎಳೆದುಕೊಂಡು ಕಣ್ಣು ತೆರೆದಾಗ, “ಇಷ್ಟ ದಿವಸ ಹಿಂಗ ಉಸರಾಡತಿದ್ರೇನ ನೀವೆಲ್ಲಾ?” ಎಂದು ಸುತ್ತ ನಿಂತವರನ್ನು ಕೇಳಿದಳು. ಅವಳಿಗೂ ದಿನದ ಪಂಪ್ ಶುರುವಾಯಿತು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಾಳಿ ಬೀಸುವ ಕಡೆ ಕೂತು ಕೆಲಸ ಮಾಡುವುದನ್ನು ಕಲಿತಳು. ಕೆಲ ತಿಂಗಳ ಮೇಲೆ ಅವಳು ಕೋಣೆಗೆ ಬರುತ್ತಿದ್ದದ್ದು ರೊಟ್ಟಿ ಬುತ್ತಿ ಬಿಚ್ಚಿ ನೆರಳಲ್ಲಿ ಉಣ್ಣಲು ಮಾತ್ರ. ನನ್ನ ಕಡೆ ನೋಡಿ, “ಇವತ್ತ ನಿನಗ ಸೂಟಿ,” ಎಂದು ರಜೆ ಕೊಡುತ್ತಿದ್ದಳು.

ಕಳೆದ ಸುಗ್ಗಿಯಲ್ಲಿ ನನ್ನ ಮೋಟರು ನಿಂತುಹೋಯಿತು. ನರ್ಸಬಾಯಿ ಎರಡು ಸಲ ಮೈ ತಟ್ಟಿ ನೋಡಿ, ನನ್ನ ಜಾಗದಲ್ಲಿ ಹೊಸದನ್ನು ಇಟ್ಟರು. ನನ್ನನ್ನು ಗುಜರಿಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಾರೆ. ಇಲ್ಲಿಂದ ಅಂಗಳ ಪೂರ್ತಿ ಕಾಣುತ್ತದೆ.

ನನಗೆ ಇನ್ನು ಉಸಿರಿಲ್ಲ, ಆ ಬಗ್ಗೆ ದುಃಖವೂ ಇಲ್ಲ. ಉಸಿರಾಡುವವರಿಗೆ ಉಸಿರಿನ ನೆನಪಿರುವುದಿಲ್ಲ. ಅದು ಇರಬಾರದು ಕೂಡ. ಅದನ್ನು ಮರೆತು ಮಾತಾಡುತ್ತಿರಬೇಕು, ಜಗಳವಾಡುತ್ತಿರಬೇಕು, ಮಗುವಿನ ಹಿಂದೆ ಓಡುತ್ತಿರಬೇಕು. ಎಷ್ಟೋ ಜನ ಹಾಗೆ ಮರೆಯುವುದನ್ನು ನಾನು ಕಣ್ಣಾರೆ ಕಂಡೆ.

ಈಗ ಮಧ್ಯಾಹ್ನ. ಕೆಂಪು ರಾಶಿಗಳ ನಡುವೆ ಹೆಂಗಸರು ಕೆಲಸ ಮಾಡುತ್ತ ಹಾಡುತ್ತಿದ್ದಾರೆ. ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರು ಹಿಂದೆ ಹೇಳುತ್ತಾರೆ. ಇವತ್ತು ಮುಂದೆ ಹೇಳುತ್ತಿರುವವಳು ಹನುಮವ್ವ. ಹಾಡಿನ ಸಾಲಿನ ಕೊನೆಯಲ್ಲಿ ಒಂದೇ ಉಸಿರಿಗೆ ದನಿಯನ್ನು ಎತ್ತಿ ಹಿಡಿದಿದ್ದಾಳೆ. “ಇನ್ನ ಬಿಡವಾ ತಂಗೀ, ಸಾಕು,” ಎಂದು ಪಕ್ಕದವಳು ನಗುತ್ತಿದ್ದಾಳೆ. ಅವಳು ಬಿಡುತ್ತಿಲ್ಲ. ಹಿಡಿದೇ ಇದ್ದಾಳೆ.